ಅಂಬಲಿಯ ನೊರೆ

ಅಪ್ಪ ತೀರಿಕೊಂಡ ಮೇಲೆ ಅವನ ನೌಕರಿ ಅಕ್ಕುತಾಯಿಗೆ ಬಂತು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅಪ್ಪ ಇಪ್ಪತ್ತು ವರ್ಷ ಗಂಟೆ ಹೊಡೆದಿದ್ದ. ಮಗಳು ಪಿಯುಸಿ ಸೈನ್ಸ್ ಪಾಸಾಗಿದ್ದಾಳೆಂದು ಅವಳನ್ನು ಗಂಟೆಯ ಹತ್ತಿರ ನಿಲ್ಲಿಸದೆ ಜೀವಶಾಸ್ತ್ರದ ಲ್ಯಾಬಿಗೆ ಹಾಕಿದರು. ಕೆಲಸವೇನೂ ದೊಡ್ಡದಲ್ಲ. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಹುಡುಗರು ಕಪ್ಪೆ ಕೊಯ್ದ ಮೇಲೆ ಮೇಜು ಒರೆಸುವುದು. ಹಾಗೆ ಒರೆಸುತ್ತ ಒರೆಸುತ್ತ ಏಳು ವರ್ಷ ಕಳೆದು ಅವಳಿಗೆ ಮೂವತ್ತೊಂದು ತುಂಬಿತ್ತು. ಕಬ್ಬೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಮನೆಯಲ್ಲಿದ್ದವಳು ತಾಯಿ ಸತ್ತೆವ್ವ ಒಬ್ಬಳೇ; ಅವಳು ಇನ್ನೂ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು.

ಎಂಬತ್ತೇಳರ ಜುಲೈ ತಿಂಗಳ ಒಂದು ದಿನ ಶ್ರೀಪಾಲ ಮಾಸ್ತರರು ಹುಡುಗರಿಗೆ ಒಂದು ಪ್ರಯೋಗ ಮಾಡಿ ತೋರಿಸಿದರು. ಶ್ರೀಪಾಲ ಆ ಕಾಲೇಜಿಗೆ ಹೊಸದಾಗಿ ಬಂದ ಅಧ್ಯಾಪಕ; ಅಂಕಲಿ ಕಡೆಯ ಜೈನರ ಮನೆತನದವನು, ವಯಸ್ಸಿನಲ್ಲಿ ಅಕ್ಕುತಾಯಿಗಿಂತ ಎರಡು ಮೂರು ವರ್ಷ ಚಿಕ್ಕವನು. ಗಾಯಕ್ಕೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದಲ್ಲ, ಅದರ ಒಂದೊಂದು ಹನಿಯನ್ನು ಬಟಾಟೆಯ ಹೋಳಿಗೆ, ಮೊಳಕೆ ಬಂದ ಮಡಿಕೆ ಕಾಳಿಗೆ, ಒಂದು ಹನಿ ರಕ್ತಕ್ಕೆ ಹಾಕಿದ. ಎಲ್ಲವೂ ಬುಸ್ಸೆಂದು ನೊರೆ ಕಾರಿದವು. ಉಸಿರಾಡುವ ಜೀವಿಯ ಮೈಯೊಳಗೆ ಈ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತದೆ, ಅದು ವಿಷ, ಅದನ್ನು ಒಡೆದು ನೀರು ಮತ್ತು ಆಮ್ಲಜನಕದ ನೊರೆ ಮಾಡುವ ಒಂದು ಕಿಣ್ವ ಎಲ್ಲ ಜೀವಿಗಳಲ್ಲೂ ಇದೆ, ಆ ಕಿಣ್ವದ ನಡುವೆ ಕಬ್ಬಿಣದ ಒಂದು ಪರಮಾಣು ಕುಳಿತಿರುತ್ತದೆ, ಕೆಲಸ ಮಾಡುವುದೇ ಆ ಕಬ್ಬಿಣ ಎಂದು ಶ್ರೀಪಾಲ ವಿವರಿಸಿದ. ಹುಡುಗರು ಬರೆದುಕೊಂಡು ಹೋದರು.

ಅಕ್ಕುತಾಯಿ ಮೇಜು ಒರೆಸಿ, ಮೂಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ತೊಳೆಯಲು ಎತ್ತಿಕೊಂಡಿದ್ದ ಪೆರಾಕ್ಸೈಡಿನ ಹನಿಗೊಳವೆಯನ್ನು ಕೆಳಗಿಡುವಷ್ಟರಲ್ಲಿ ಅದರಲ್ಲಿ ಉಳಿದಿದ್ದ ಎರಡು ಹನಿ ಮೊಸರಿನ ಬಟ್ಟಲಿಗೆ ಬಿದ್ದವು. ಇನ್ನು ಈ ಮೊಸರು ಚೆಲ್ಲಬೇಕಲ್ಲ ಎಂದು ಬೇಸರದಿಂದ ನೋಡಿದಳು. ಮೊಸರು ಸುಮ್ಮನಿತ್ತು. ನೊರೆ ಬರಲಿಲ್ಲ. ಇನ್ನೂ ನಾಲ್ಕು ಹನಿ ಬೇಕೆಂದೇ ಹಾಕಿದಳು. ಏನೂ ಇಲ್ಲ.

ಊಟ ಬಿಟ್ಟು ಬಟ್ಟಲು ಹಿಡಿದುಕೊಂಡು ಶ್ರೀಪಾಲನ ಮುಂದೆ ನಿಂತಳು.

“ಸರ, ಮೊಸರಿಗೆ ಜೀವ ಐತೋ ಇಲ್ಲೋರಿ?”

“ಐತಿ. ಮೊಸರಂದ್ರ ಕೋಟಿಗಟ್ಟಲೆ ಬ್ಯಾಕ್ಟೀರಿಯಾ.”

“ಮತ್ತ ಇದಕ್ಕ ಯಾಕ ಬುರುಗು ಬರವಲ್ದು?”

ಶ್ರೀಪಾಲ ತಾನೇ ಒಂದು ಹನಿ ಹಾಕಿ ನೋಡಿದ. ತನ್ನ ಡಬ್ಬಿಯ ಮೊಸರಿಗೂ ಹಾಕಿದ. ಪಠ್ಯಪುಸ್ತಕ ತೆಗೆದು ಎರಡು ಪುಟ ತಿರುವಿದ, ಮುಚ್ಚಿದ.

“ನನಗ ಗೊತ್ತಿಲ್ಲ ಅಕ್ಕುತಾಯವ್ರ” ಎಂದ. ಏಳು ವರ್ಷದಲ್ಲಿ ಯಾವ ಮಾಸ್ತರರ ಬಾಯಿಂದಲೂ ಅವಳು ಈ ಮಾತು ಕೇಳಿರಲಿಲ್ಲ. “ನಮ್ಮ ಮನ್ಯಾಗ ರಾತ್ರಿ ಉಳದದ್ದು ಏನೂ ತಿನ್ನೂದಿಲ್ಲ. ಮೊಸರೂ ದಿನಾ ಹೊಸದ ಆಗಬೇಕು. ಹಳೇದರಾಗ ಜೀವ ಹುಟ್ಟತಾವ ಅಂತಾಳ ನಮ್ಮವ್ವ. ಜೀವ ಅದಾವ ಅನ್ನೂದು ಅಕಿಗೂ ಗೊತ್ತೈತಿ. ಆದ್ರ ಇದು...”

ಧಾರವಾಡದಲ್ಲಿ ತನಗೆ ಕಲಿಸಿದ ಇನಾಮದಾರ ಸರ್‌ಗೆ ಅವತ್ತೇ ಒಂದು ಇನ್‌ಲ್ಯಾಂಡ್ ಪತ್ರ ಬರೆದು ಹಾಕಿದ.

ಉತ್ತರ ಬರುವ ತನಕ ಅಕ್ಕುತಾಯಿಗೆ ಸುಮ್ಮನಿರಲು ಆಗಲಿಲ್ಲ. ಔಷಧದ ಅಂಗಡಿಯಲ್ಲಿ ಒಂದು ಬಾಟಲಿ ಪೆರಾಕ್ಸೈಡ್ ಕೊಂಡು ಮನೆಗೊಯ್ದಳು. ಬದನೆಕಾಯಿ, ಉಳ್ಳಾಗಡ್ಡಿ, ಹಸಿ ಕಡಲೆ, ಎಮ್ಮೆಯ ಸಗಣಿ, ಬಾವಿಯ ಪಾಚಿ, ಕಾಣಿಸಿದ್ದಕ್ಕೆಲ್ಲ ಒಂದೊಂದು ಹನಿ. ಓಣಿಯ ಆರು ಮನೆಯಿಂದ ಒಂದೊಂದು ಚಮಚ ಮೊಸರು ಕೇಳಿ ತಂದಳು. “ಹೆಪ್ಪಿಗೇನು?” ಎಂದು ಕೇಳಿದವರಿಗೆ “ಪರೀಕ್ಷಾಕ” ಎಂದಳು. ಯಾರಿಗೂ ಅರ್ಥವಾಗಲಿಲ್ಲ, ಆದರೂ ಕೊಟ್ಟರು. ಆರೂ ಮೊಸರು ಮೌನವಾಗಿದ್ದವು.

ಹದಿನೈದು ದಿನಕ್ಕೆ ಉತ್ತರ ಬಂತು. ನಾಲ್ಕು ಹಾಳೆಯ ಉದ್ದ ಪತ್ರ. ಇಂಗ್ಲಿಷಿನಲ್ಲಿದ್ದುದನ್ನು ಶ್ರೀಪಾಲ ಓದಿ ಓದಿ ಹೇಳಿದ. ಅಕ್ಕುತಾಯಿ ಸ್ಟೂಲಿನ ಮೇಲೆ ಕುಳಿತು ಕೇಳಿದಳು.

ಜೀವ ಹುಟ್ಟಿದ ಕಾಲದ ಸಮುದ್ರ ಈಗಿನಂಥದ್ದಲ್ಲ ಎಂದು ಇನಾಮದಾರರು ಬರೆದಿದ್ದರು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಆಮ್ಲಜನಕ ಇಲ್ಲದಿದ್ದರೆ ತುಕ್ಕಿಲ್ಲ. ತುಕ್ಕಿಲ್ಲದಿದ್ದರೆ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ. ಹೀಗಾಗಿ ಆ ಸಮುದ್ರದಲ್ಲಿ ಕಬ್ಬಿಣ ಯಥೇಚ್ಛ ಇತ್ತು. ಮೊದಮೊದಲ ಜೀವಿಗಳ ಕಿಣ್ವಗಳು ಕೈಗೆ ಸಿಕ್ಕ ಆ ಕಬ್ಬಿಣವನ್ನೇ ಹಿಡಿದು ಕೆಲಸ ಕಲಿತವು. ಮುಂದೆ ಬಿಸಿಲು ಉಂಡು ಬದುಕುವ ಜೀವಿಗಳು ಬಂದು ಆಮ್ಲಜನಕ ಬಿಡತೊಡಗಿದವು. ಕೋಟಿ ಕೋಟಿ ವರ್ಷದಲ್ಲಿ ಸಮುದ್ರದ ಕಬ್ಬಿಣವೆಲ್ಲ ತುಕ್ಕಾಗಿ ತಳ ಸೇರಿತು. ಬೇಕಾದಾಗ ಸಿಗುತ್ತಿದ್ದ ವಸ್ತು ದುರ್ಲಭವಾಯಿತು. ಆದರೆ ಅಷ್ಟರೊಳಗೆ ಕಬ್ಬಿಣದ ಚಟ ಹತ್ತಿಬಿಟ್ಟಿತ್ತು. ಹೆಚ್ಚಿನ ಜೀವಿಗಳು ಕಬ್ಬಿಣಕ್ಕಾಗಿ ಹೊಡೆದಾಡಿಯಾದರೂ ಅದನ್ನೇ ಉಳಿಸಿಕೊಂಡವು. ಕೆಲವು ಕೆಲಸಗಳಿಗೆ ಸತುವೋ ತಾಮ್ರವೋ ಬಂತು. ಇನ್ನು ಕೆಲವು ಜೀವಿಗಳು ಕಬ್ಬಿಣದ ಸಹವಾಸವನ್ನೇ ಬಿಟ್ಟವು. ಮೊಸರಿನ ಬ್ಯಾಕ್ಟೀರಿಯಾ ಆ ಜಾತಿಯವು. ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಅಲ್ಲಿ ಮನೆ ಮಾಡಿದವರಿಗೆ ಕಬ್ಬಿಣ ಬೇಕೆಂದರೆ ನಡೆಯುವುದಿಲ್ಲ. ಹಾಗಾಗಿ ಆ ಕಿಣ್ವವೂ ಇಲ್ಲ, ನೊರೆಯೂ ಇಲ್ಲ.

ಸಂಜೆ ಇದನ್ನು ಅಕ್ಕುತಾಯಿ ತಾಯಿಗೆ ಹೇಳಿದಳು. ಸತ್ತೆವ್ವ ಒಲೆಯ ಮುಂದೆ ಕುಳಿತು, ನರ್ಸಬಾಯಿ ಕೊಟ್ಟ ಗುಳಿಗೆ ನುಂಗುತ್ತಿದ್ದಳು. ಮೈಯಲ್ಲಿ ರಕ್ತ ಕಡಿಮೆ ಎಂದು ಅವಳಿಗೆ ಮೂರು ತಿಂಗಳಿಂದ ಕಬ್ಬಿಣದ ಗುಳಿಗೆ ನಡೆದಿತ್ತು.

“ಅಂದ್ರ ಆ ಮೊಸರಾನ ಹುಳಕ್ಕ ಕಬ್ಬಿಣ ಬ್ಯಾಡಾ?”

“ಬ್ಯಾಡ ಯವ್ವಾ.”

“ಮತ್ತ ನಾನೂ ಬಿಡತೇನಿ. ಹೊಟ್ಟಿ ಕಟ್ಟತೈತಿ ಈ ಗುಳಿಗಿಗೆ.”

“ನಿನಗ ಬಿಡಾಕ ಬರೂದಿಲ್ಲ. ನಿನ್ನ ರಕ್ತೆಲ್ಲಾ ಅದರ ಮ್ಯಾಲ ನಿಂತೈತಿ.”

“ಹುಳಕ್ಕ ಬಂದ ಬುದ್ಧಿ ನಮಗ ಬರಲಿಲ್ಲ ನೋಡ” ಎಂದು ಸತ್ತೆವ್ವ ನಕ್ಕಳು. ಮರುದಿನದ ಬುತ್ತಿಗೆಂದು ಅಂಬಲಿಗೆ ಹೆಪ್ಪು ಹಾಕಲು ಎದ್ದಳು. ಜೋಳದ ಹಿಟ್ಟಿನ ಅಂಬಲಿ ಕುದಿಸಿ ಆರಿಸಿ, ಹಿಂದಿನ ದಿನದ ಹುಳಿ ಅಂಬಲಿಯ ಒಂದು ಸೌಟು ಅದಕ್ಕೆ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ಮುಚ್ಚಿಡುವುದು ಅವಳ ರೂಢಿ. ಆ ಹುಳಿ ಸತ್ತೆವ್ವನ ಅತ್ತೆಯ ಕಾಲದಿಂದ ಮುರಿಯದೆ ಬಂದಿತ್ತು.

ಇದನ್ನು ಇನ್ನೂ ನೋಡಿಲ್ಲವಲ್ಲ ಎಂದು ಅಕ್ಕುತಾಯಿಗೆ ಹೊಳೆಯಿತು. ಹಳೆಯ ಅಂಬಲಿಯನ್ನು ಒಂದು ತಾಟಿಗೆ ಸುರಿದು ಪೆರಾಕ್ಸೈಡ್ ಹನಿಸಿದಳು. ಸಣ್ಣ ಸಣ್ಣ ಗುಳ್ಳೆ ಎದ್ದವು. ನೋಡನೋಡುತ್ತ ತಾಟಿನ ಮೇಲೆ ಬಿಳಿ ನೊರೆ ಕಟ್ಟಿತು.

ಅಂಬಲಿಯನ್ನು ಹುಳಿ ಮಾಡುವುದೂ ಮೊಸರಿನ ನೆಂಟರೇ ಎಂದು ಶ್ರೀಪಾಲ ಹೇಳಿದ್ದ. ಹಾಗಾದರೆ ಇಲ್ಲಿ ನೊರೆ ಬರಬಾರದಿತ್ತು.

ಮರುದಿನ ಶ್ರೀಪಾಲ ನಂಬಲಿಲ್ಲ. ಜೋಳದ ಹಿಟ್ಟಿನ ಕಿಣ್ವ ಇರಬಹುದು ಎಂದ. ಕುದಿಸಿದ ಮೇಲೆ ಹಿಟ್ಟಿನ ಕಿಣ್ವ ಸಾಯುತ್ತದಲ್ಲ ಎಂದು ಅವಳೆಂದಳು. ಯೀಸ್ಟ್ ಸೇರಿರಬಹುದು ಎಂದ. ಅದು ನ್ಯಾಯವಾದ ಅನುಮಾನವಾಗಿತ್ತು. ಅದಕ್ಕಾಗಿ ಅವಳಿಗೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಅಂಟಿನ ತಟ್ಟೆಯ ಮೇಲೆ ಗೀಚಿ, ಒಂದೇ ಒಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಯನ್ನು ಬೇರೆ ಮಾಡಿ ಸಾಕುವುದನ್ನು ಕಲಿಸಿದ. ಅವಳ ಕೈ ಅವನ ಕೈಗಿಂತ ಹಗುರ. ಮೂರನೆಯ ಸಲಕ್ಕೆ ತಟ್ಟೆಯ ಮೇಲೆ ಸಾಸಿವೆಯಂಥ ಬಿಳಿ ಚುಕ್ಕೆಗಳು ಬೇರೆಬೇರೆಯಾಗಿ ನಿಂತವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿಡ್ಡ ಕಡ್ಡಿಗಳು ಮಾತ್ರ. ಯೀಸ್ಟಿನ ಗುಂಡು ಒಂದೂ ಇಲ್ಲ. ಆ ಚುಕ್ಕೆಗೆ ಒಂದು ಹನಿ ಹಾಕಿದರು. ನೊರೆ!

ಈಗ ಶ್ರೀಪಾಲನಿಗೂ ನಿದ್ದೆ ಹಾರಿತು. ಹೊಳೆಯ ನೀರು ಪರೀಕ್ಷಿಸಲು ರಸಾಯನಶಾಸ್ತ್ರದವರು ಇಟ್ಟುಕೊಂಡಿದ್ದ ಅಝೈಡ್ ಎಂಬ ಪುಡಿಯನ್ನು ಚಿಟಿಕೆಯಷ್ಟು ಕೇಳಿ ತಂದ. ಅದು ಕಡು ವಿಷ. ಅಕ್ಕುತಾಯಿಗೆ ಮುಟ್ಟಲು ಬಿಡದೆ ತಾನೇ ಬೆರೆಸಿದ. ಕಬ್ಬಿಣದ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಮೊದಲು ರಕ್ತಕ್ಕೆ ಬೆರೆಸಿ ನೋಡಿದರು; ಬುಸುಗುಟ್ಟುತ್ತಿದ್ದ ರಕ್ತ ತಣ್ಣಗಾಯಿತು. ಆಮೇಲೆ ಅಂಬಲಿಯ ಬ್ಯಾಕ್ಟೀರಿಯಾಕ್ಕೆ. ಅದು ಮೊದಲಿನಂತೆಯೇ ನೊರೆ ಉಕ್ಕಿಸಿತು.

“ಇದರಾಗ ಕಬ್ಬಿಣ ಇಲ್ಲ” ಎಂದು ಶ್ರೀಪಾಲ ಮೆಲ್ಲಗೆ ಹೇಳಿದ.

“ಮತ್ತ ಏನೈತ್ರಿ?”

ಮತ್ತೊಂದು ಪತ್ರ ಹೋಯಿತು. ಈ ಸಲ ಎಂಟೇ ದಿನಕ್ಕೆ ಉತ್ತರ ಬಂತು. ನಾಲ್ಕೈದು ವರ್ಷದ ಹಿಂದೆಯಷ್ಟೇ ಹೊರದೇಶದವರು ಇಂಥ ಒಂದನ್ನು ಗುರುತಿಸಿದ್ದಾರೆ, ಅದೇ ಕೆಲಸ, ಬೇರೆ ಕಿಣ್ವ, ಕಬ್ಬಿಣದ ಜಾಗದಲ್ಲಿ ಮ್ಯಾಂಗನೀಸ್ ಎಂಬ ಇನ್ನೊಂದು ಲೋಹ ಎಂದು ಇನಾಮದಾರರು ಬರೆದಿದ್ದರು. ಗಿಡ, ಸೊಪ್ಪು, ಕಾಳುಗಳ ಮೇಲೆ ಬದುಕುವ ಬ್ಯಾಕ್ಟೀರಿಯಾ ಅದು. ಅಲ್ಲಿ ಮ್ಯಾಂಗನೀಸ್ ಧಾರಾಳ, ಹಾಲಿನಲ್ಲಿ ಅದೂ ಕಡಿಮೆ. ಕೊನೆಗೊಂದು ಸಾಲು: ನಿಮ್ಮ ಅಂಬಲಿ ಯಾವ ಮನೆಯದು?

ಈ ಪತ್ರ ಬಂದ ಮರುದಿನವೇ ಗ್ರಹಚಾರ ಕೆಟ್ಟಿತು. ಪ್ರಿನ್ಸಿಪಾಲರು ಲ್ಯಾಬಿನ ಮುಂದೆ ಹಾದುಹೋಗುವಾಗ ಹುಳಿ ವಾಸನೆ ಬಂದು ಒಳಗೆ ಬಂದರು. ಕಿಟಕಿಯಲ್ಲಿ ಸಾಲಾಗಿ ಗಡಿಗೆ, ಬಟ್ಟಲು, ಬಾಟಲಿ.

“ಇದು ಲ್ಯಾಬೋ ಖಾನಾವಳಿಯೋ?” ಎಂದರು.

ಶ್ರೀಪಾಲ ವಿವರಿಸಲು ಹೋದ. “ಪಾಠ ಮಾಡೂದು ನಿಮ್ಮ ಕೆಲಸರಿ. ಬಾಟ್ಲಿ ತೊಳಿಯೂದು ಅಕಿ ಕೆಲಸ. ಯಾರ್ಯಾರದೋ ಮನಿ ಗಡಿಗಿ ತಂದು ಕಾಲೇಜಿನ್ಯಾಗ ಇಡೂದು ಯಾರ ಕೆಲಸೂ ಅಲ್ಲ” ಎಂದು ಅಕ್ಕುತಾಯಿಯ ಕಡೆಗೆ ನೋಡದೆಯೇ ಹೇಳಿದರು. ಯಾರ್ಯಾರದೋ ಮನೆ ಎಂದಾಗ ಅವರು ಯಾವ ಜಾತಿಯವರ ಮನೆ ಎಂದುಕೊಂಡರೋ ಅದು ಅವಳಿಗೆ ತಿಳಿಯಿತು. ಇಂಥ ಮಾತು ಅಪ್ಪನ ಕಾಲದಿಂದ ಕೇಳಿದ್ದೇ. ಎಲ್ಲವನ್ನೂ ಚೆಲ್ಲಿ ತೊಳೆದಳು. ಒಂದು ಸಣ್ಣ ಬಾಟಲಿಯನ್ನು ಮಾತ್ರ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಅದರಲ್ಲಿ ಆ ಒಂದು ಚುಕ್ಕೆಯ ಸಂತಾನ ಇತ್ತು.

ಬಸ್ಸಿನಲ್ಲಿ ಸಿಟ್ಟು ಬರಬೇಕಾಗಿತ್ತು, ಬಂತು ಕೂಡ. ಆದರೆ ಸಿಟ್ಟಿನ ಪಕ್ಕದಲ್ಲಿಯೇ ಒಂದು ಪ್ರಶ್ನೆ ಬಂದು ಕುಳಿತಿತು. ಕಾಳಿನ ಮೇಲೆ ಮ್ಯಾಂಗನೀಸ್ ಇದೆ, ಸರಿ. ಇದನ್ನು ಒಯ್ದು ಹಾಲಿನಲ್ಲಿ ಬಿಟ್ಟರೆ? ಹಾಲಿನಲ್ಲಿ ಕಬ್ಬಿಣವೂ ಕಡಿಮೆ, ಮ್ಯಾಂಗನೀಸೂ ಕಡಿಮೆ ಎಂದು ಶ್ರೀಪಾಲ ಸರ್ ಪತ್ರದಲ್ಲಿ ಓದಿದ್ದರಲ್ಲ. ಆಗ ಇದು ಏನು ಮಾಡುತ್ತದೆ?

ಅವತ್ತೇ ಹಾಲು ಚೆನ್ನಾಗಿ ಕುದಿಸಿ, ಕುದಿಸಿದ ಬಾಟಲಿಗೆ ಹಾಕಿ, ಅಂಬಲಿಯ ಬ್ಯಾಕ್ಟೀರಿಯಾದ ಒಂದು ಹನಿ ಬಿಟ್ಟಳು. ಮರುದಿನ ಹಾಲು ಸ್ವಲ್ಪ ಹುಳಿಯಾಗಿ ಗಟ್ಟಿಯಾಗಿತ್ತು, ಪೆರಾಕ್ಸೈಡ್ ಹಾಕಿದರೆ ನೊರೆಯೂ ಬಂತು. ಅದರಲ್ಲಿಂದ ಒಂದು ಹನಿ ಹೊಸ ಹಾಲಿಗೆ. ಅದರಿಂದ ಮತ್ತೊಂದಕ್ಕೆ. ದಿನಕ್ಕೊಂದು ಬಾಟಲಿ. ನಾಲ್ಕನೆಯ ದಿನ ನೊರೆ ತೆಳುವಾಯಿತು. ಆರನೆಯ ದಿನ ಅಲ್ಲೊಂದು ಇಲ್ಲೊಂದು ಗುಳ್ಳೆ. ಎಂಟನೆಯ ದಿನ ಏನೂ ಇಲ್ಲ. ಹಾಲು ಮಾತ್ರ ಹುಳಿಯಾಗುತ್ತಲೇ ಇತ್ತು. ಜೀವ ಇತ್ತು, ನೊರೆ ಇರಲಿಲ್ಲ. ಆ ಕಿಣ್ವವಿಲ್ಲದೆಯೇ ಅದು ಬದುಕುತ್ತಿತ್ತು.

ಹೋಗಿದ್ದು ಹೋಯಿತೋ, ಕರೆದರೆ ಬರುತ್ತದೋ?

ಲ್ಯಾಬಿನ ಕಪಾಟಿಗೆ ಕೈ ಹಚ್ಚುವಂತಿರಲಿಲ್ಲ. ಶನಿವಾರ ಮಧ್ಯಾಹ್ನ ಚಿಕ್ಕೋಡಿಯ ಗೊಬ್ಬರದ ಅಂಗಡಿಗೆ ಹೋದಳು. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಎಲೆ ಹಳದಿಯಾದಾಗ ಸಿಂಪಡಿಸುವ ಔಷಧಗಳಲ್ಲಿ ಮ್ಯಾಂಗನೀಸ್ ಸಲ್ಫೇಟೂ ಒಂದು ಎಂದು ಶ್ರೀಪಾಲ ಹೇಳಿದ್ದ.

“ಎಷ್ಟ ಎಕರೆ ಐತ್ರಿ ದ್ರಾಕ್ಷಿ ಬಾಗ?” ಎಂದು ಅಂಗಡಿಯ ಮಾಳಸಿದ್ದ ಕೇಳಿದ.

“ಬಾಗ ಇಲ್ರಿ. ಒಂದ ಬಾಟ್ಲಿ ಹಾಲ ಐತಿ.”

ಮಾಳಸಿದ್ದ ಅವಳ ಮುಖ ನೋಡಿದ. “ಹಾಲಿಗಿ ಹಾಕಿ ಯಾರಿಗಿ ಕುಡಸತೀರಿ ಬಾಯಾರ?”

“ಯಾರಿಗೂ ಇಲ್ರಿ. ಹುಳಕ್ಕ.”

ಅವನು ಒಡೆದ ಚೀಲದಿಂದ ಒಂದು ಮುಷ್ಟಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟ. ರೊಕ್ಕ ತೆಗೆದುಕೊಳ್ಳಲಿಲ್ಲ. “ಏನಾತು ಅಂತ ನನಗೂ ಬಂದು ಹೇಳ್ರಿ ಮತ್ತ” ಎಂದ.

ಅಕ್ಕುತಾಯಿ ಮೂರು ಬಾಟಲಿ ಹಾಲು ಮಾಡಿದಳು. ಮೂರಕ್ಕೂ ನೊರೆ ಕಳೆದುಕೊಂಡ ಬ್ಯಾಕ್ಟೀರಿಯಾ ಹಾಕಿದಳು. ಒಂದಕ್ಕೆ ಏನೂ ಸೇರಿಸಲಿಲ್ಲ. ಎರಡನೆಯದಕ್ಕೆ ತಾಯಿಯ ಕಬ್ಬಿಣದ ಗುಳಿಗೆಯ ಕೆಂಪು ಸಿಪ್ಪೆ ಕೆರೆದು, ಒಳಗಿನ ಪುಡಿಯ ಒಂದು ಕಣ. ಮೂರನೆಯದಕ್ಕೆ ಮಾಳಸಿದ್ದನ ಪುಡಿಯ ಒಂದು ಕಣ. ಸತ್ತೆವ್ವ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ನೋಡಿದಳು. ಹೊಲದ ಹೆಂಗಸರಿಗೆ ಹೇಳುವ ಸಲುವಾಗಿ ಅವಳಿಗೂ ಎಲ್ಲ ತಿಳಿಯಬೇಕಾಗಿತ್ತು.

ಎರಡು ದಿನದ ಮೇಲೆ ಹನಿ ಹಾಕಿದರು. ಒಂದನೆಯ ಬಾಟಲಿ ಸುಮ್ಮನಿತ್ತು. ಕಬ್ಬಿಣದ್ದೂ ಹಾಗೆಯೇ. ಮೂರನೆಯದರಲ್ಲಿ ನೊರೆ ಮೇಲೆದ್ದು ಬಾಟಲಿಯ ಕೊರಳಿಗೆ ಬಂತು.

“ಮರತಿರಲಿಲ್ಲ ನೋಡ ಅದು!” ಎಂದು ಸತ್ತೆವ್ವ ಮಗಳ ಭುಜ ಹಿಡಿದು ಅಲುಗಿಸಿದಳು. “ಸಾಮಾನ ಸಿಗಲಿಲ್ಲಂತ ಕೆಲಸ ಬಿಟ್ಟಿತ್ತು, ಕಸಬ ಮರತಿರಲಿಲ್ಲ.”

ಮರೆಯುವುದು ಎಂಬ ಮಾತು ಅಕ್ಕುತಾಯಿಯ ತಲೆಯಲ್ಲಿ ಕುಳಿತಿತು. ಹಾಗಾದರೆ ಓಣಿಯ ಮೊಸರುಗಳು? ಅವಕ್ಕೂ ಮ್ಯಾಂಗನೀಸ್ ಕೊಟ್ಟು ನೋಡಬೇಕಲ್ಲ. ಆರು ಮನೆಯ ಮೊಸರನ್ನು ಮತ್ತೆ ತಂದು ಹೆಪ್ಪು ಹಾಕಿ, ಪ್ರತಿಯೊಂದಕ್ಕೂ ಒಂದೊಂದು ಕಣ ಹಾಕಿದಳು. ಎರಡು ದಿನ, ನಾಲ್ಕು ದಿನ, ಎಂಟು ದಿನ. ಒಂದರಲ್ಲೂ ನೊರೆ ಬರಲಿಲ್ಲ. ಅವು ಮರೆತೇ ಬಿಟ್ಟಿದ್ದವು.

ಎಲ್ಲವನ್ನೂ ತಾರೀಖು ಹಾಕಿ ಅಪ್ಪನ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಳು. ಶ್ರೀಪಾಲ ಓದಿ, ಎರಡು ಕಡೆ ತಿದ್ದಿ, “ಇದನ್ನ ನಾನು ಬರದ ಕಳಸೂದಿಲ್ಲ. ಇನಾಮದಾರ ಸರ್ ಮಾರ್ಚ್‌ನ್ಯಾಗ ಪರೀಕ್ಷಾಕ ಬರತಾರ, ನೀವ ತೋರಸ್ರಿ” ಎಂದ.

ಮಾರ್ಚ್‌ನಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಬಾಬಾಸಾಹೇಬ ಇನಾಮದಾರರು ಬಂದರು. ದಪ್ಪ ಕನ್ನಡಕ, ಮಾತು ಕಡಿಮೆ. ಪರೀಕ್ಷೆ ಮುಗಿದು ಹುಡುಗರು ಹೊರಗೆ ಹೋದ ಮೇಲೆ, “ಆ ಅಂಬಲಿ ಎಲ್ಲಿ?” ಎಂದು ಶ್ರೀಪಾಲನನ್ನು ಕೇಳಿದರು. ಪ್ರಿನ್ಸಿಪಾಲರೂ ಚಹಾದ ಕಪ್ಪು ಹಿಡಿದು ಅಲ್ಲೇ ಇದ್ದರು.

“ನಂದಲ್ರಿ ಸರ. ಇವರದು” ಎಂದ ಶ್ರೀಪಾಲ.

ಅಕ್ಕುತಾಯಿ ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದನ್ನೂ ಮಾಡಿ ತೋರಿಸುತ್ತ, ಕಬ್ಬೂರಿನ ಮಾತಿನಲ್ಲಿಯೇ ಹೇಳುತ್ತ ಹೋದಳು. ಇನಾಮದಾರರು ಕನ್ನಡಕ ತೆಗೆದು ಬಾಟಲಿಗೆ ಮೂಗು ತಾಗಿಸಿಕೊಂಡು ನೋಡಿದರು. ಕೊನೆಯ ಆರು ಮೊಸರಿನ ಹತ್ತಿರ ಬಂದು ನಿಂತರು.

“ಇವಕ್ಕ ಯಾಕ ಮ್ಯಾಂಗನೀಸ್ ಕೊಟ್ಟಿ ತಂಗಿ?”

“ಅಂಬಲಿದು ಎಂಟ ದಿನ ಹಾಲಿನ್ಯಾಗ ಇದ್ದು ತಿರುಗಿ ಬಂತರಿ. ಇವು ಎಷ್ಟ ತಲಿಮಾರು ಹಾಲಾಗ ಅದಾವೋ ಏನೋ. ಅಷ್ಟ ದಿನ ಇದ್ರ ತಿರುಗಿ ಬರತಾವೋ ಇಲ್ಲೋ ಅಂತ.”

“ಬರಲಿಲ್ಲ.”

“ಇಲ್ರಿ. ಕಬ್ಬಿಣದ್ದ ಕಸಬು ಮರತಾವ, ಇದನ್ನೂ ಮರತಾವ. ಇಲ್ಲಾ ಇವರ ಹಿರ್ಯಾರು ಇದನ್ನ ಕಲತ ಇರಲಿಲ್ಲೋ ಏನೋ. ಅದು ನನಗ ತಿಳಿವಲ್ದರಿ.”

ಇನಾಮದಾರರು ಕನ್ನಡಕ ಹಾಕಿಕೊಂಡರು. “ನನಗೂ ತಿಳಿವಲ್ದು” ಎಂದರು. “ಬಹಳ ಕಾಲ ಬಳಸದ ಕಿಣ್ವದ ಬರಹ, ಅಂದ್ರ ಜೀನು, ಕೆಟ್ಟರೂ ಜೀವಿ ಸಾಯೂದಿಲ್ಲ. ಸಾಯೂದಿಲ್ಲಾದ್ದರಿಂದ ಕೆಟ್ಟ ಬರಹ ಮಕ್ಕಳಿಗೆ ಹೋಗತೈತಿ. ಹಂಗ ಆಗಿರಬಹುದು. ನೀ ಅಂದಂಗೂ ಇರಬಹುದು. ಎರಡರಾಗ ಯಾವದು ಅಂತ ಹುಡಕಬೇಕಾದ್ರ ಭಾಳ ಜಾತಿಯ ಬ್ಯಾಕ್ಟೀರಿಯಾ ಬೇಕು. ನನ್ನ ಹತ್ರ ಅದಾವ.”

ಪ್ರಿನ್ಸಿಪಾಲರು ಚಹಾ ಮುಗಿಸಿ, “ನಮ್ಮ ಕಾಲೇಜಿನ್ಯಾಗ ನಾವು ಇಂಥಾದಕ್ಕೆಲ್ಲಾ ಅವಕಾಶ ಕೊಡತೀವ್ರಿ” ಎಂದರು. ಶ್ರೀಪಾಲ ಕಿಟಕಿಯ ಕಡೆ ತಿರುಗಿ ನಿಂತ. ಅಕ್ಕುತಾಯಿ ಮರುವಾರವೇ ಕಿಟಕಿಯ ಪಕ್ಕದ ಕಪಾಟಿನ ಒಂದು ಅರೆಯನ್ನು ತನಗೆ ಬೇಕೆಂದು ಅರ್ಜಿ ಬರೆದು ಕೊಟ್ಟಳು. ಸಹಿ ಆಗಿ ಬಂತು.

ಮೇ ತಿಂಗಳ ರಜೆಯಲ್ಲಿ ಇನಾಮದಾರರು ಒಂದು ತಿಂಗಳ ಮಟ್ಟಿಗೆ ಅವಳನ್ನು ಧಾರವಾಡಕ್ಕೆ ಕರೆಸಿಕೊಂಡರು. ಹೊರಡುವ ದಿನ ಸತ್ತೆವ್ವ ಬಸ್ ಸ್ಟ್ಯಾಂಡಿನ ತನಕ ಬಂದಳು. “ಊಟಾ ಬಿಟ್ಟ ನೋಡಕೋತ ಕುಂದ್ರಬ್ಯಾಡ” ಎಂದಷ್ಟೇ ಹೇಳಿದಳು.

ಧಾರವಾಡದ ಲ್ಯಾಬಿನಲ್ಲಿ ಇನಾಮದಾರರು ಒಂದು ದೊಡ್ಡ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಸಾಲು ಸಾಲು ಗಾಜಿನ ಕೊಳವೆಗಳು, ಪ್ರತಿಯೊಂದಕ್ಕೂ ಒಂದೊಂದು ಚೀಟಿ: ಉಪ್ಪಿನಕಾಯಿ, ಇಡ್ಲಿ ಹಿಟ್ಟು, ಹುಲ್ಲಿನ ಬಣವೆ, ಎಮ್ಮೆಯ ಹೊಟ್ಟೆ, ಕಬ್ಬಿನ ಸಿಪ್ಪೆ, ಬಿಸಿನೀರಿನ ಬುಗ್ಗೆ.

“ಅವಸರ ಏನಿಲ್ಲ” ಎಂದರು. “ದಿನಕ್ಕ ಒಂದೋ ಎರಡೋ ಆರಿಸಿಕೊ.”

ಅವರು ಕ್ಲಾಸಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅಕ್ಕುತಾಯಿ ಮೇಜಿನ ಮೇಲೆ ಹದಿನೆಂಟು ಕೊಳವೆಗಳನ್ನು ತೆಗೆದಿಟ್ಟುಕೊಂಡು, ಹತ್ತೊಂಬತ್ತನೆಯದರ ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದಳು.